ಸವಕಳಿ ಮುಗಿದರೂ ದುಡಿಮೆ ಮುಗಿಯದ ಉಪಕರಣ
ರಕ್ಷಣಾ ಪೂರೈಕೆದಾರರ ಹಳೆಯ ಪರೀಕ್ಷಣಾ ಉಪಕರಣಗಳ ಪಾಲನೆ: ಒಂದು ಅಧ್ಯಯನ

ಪೀಠಿಕೆ

ವರ್ಷಾಂತ್ಯದ ಲೆಕ್ಕಪರಿಶೋಧನೆಯ ಸಂದರ್ಭದಲ್ಲಿ ಸ್ಥಿರಾಸ್ತಿಗಳ ವಹಿಯನ್ನು ಹಿಡಿದು ಕಾರ್ಖಾನೆಯನ್ನು ಸುತ್ತುವುದು ನಮ್ಮ ವೃತ್ತಿಯ ವಾಡಿಕೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಣ್ಣ ಘಟಕದಲ್ಲಿ ಹೀಗೆ ಸುತ್ತುವಾಗ, ಹವಾನಿಯಂತ್ರಿತ ಕೊಠಡಿಯೊಂದರಲ್ಲಿ ಆಳೆತ್ತರದ ಹಳೆಯ ಪರೀಕ್ಷಣಾ ಕಪಾಟೊಂದು ಕಂಡಿತು. ವಹಿಯಲ್ಲಿ ಅದರ ಉಳಿಕೆ ಮೌಲ್ಯ ಒಂದು ಲಕ್ಷ ರೂಪಾಯಿಗೂ ಕಡಿಮೆ. ಮುಂದಿನ ಕಾಲಂನಲ್ಲಿ ಹಿಂದಿನ ಯಾರೋ ಪೆನ್ಸಿಲ್‌ನಲ್ಲಿ "ವಿಲೇವಾರಿ ಪರಿಶೀಲಿಸಿ" ಎಂದು ಬರೆದಿದ್ದರು. ಮಾಲೀಕರನ್ನು ವಿಚಾರಿಸಿದಾಗ ದೊರೆತ ಉತ್ತರ ಇದು: "ಸಾರ್, ಆ ಕಪಾಟು ನಿಂತರೆ ನಮ್ಮ ಮಾರಾಟದ ಮುಕ್ಕಾಲು ಪಾಲು ನಿಲ್ಲುತ್ತದೆ. ವಿಮಾನದ ಬಿಡಿಭಾಗಗಳನ್ನು ಅದರಲ್ಲಿ ಪರೀಕ್ಷಿಸಿ ದಾಖಲೆ ಕೊಡದೆ ಒಂದು ಪೆಟ್ಟಿಗೆಯೂ ಗೇಟು ದಾಟುವುದಿಲ್ಲ."

ಪುಸ್ತಕದ ಮೌಲ್ಯಕ್ಕೂ ವ್ಯವಹಾರದ ಮೌಲ್ಯಕ್ಕೂ ಇರುವ ಈ ಅಂತರವೇ ಪ್ರಸ್ತುತ ಲೇಖನದ ವಿಷಯ. ಹಿಂದೂಸ್ತಾನ್ ಏರೋನಾಟಿಕ್ಸ್ 1940ರಲ್ಲಿಯೂ, ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿಯೂ ಬೆಂಗಳೂರಿನಲ್ಲಿ ಆರಂಭವಾದ ಕಾರಣ, ಇವುಗಳ ಸುತ್ತ ನೂರಾರು ಸಣ್ಣ ಘಟಕಗಳು ಬೆಳೆದಿವೆ. ಇವುಗಳಲ್ಲಿ ಅನೇಕ ಘಟಕಗಳು ದಶಕಗಳ ಹಿಂದಿನ ಪರೀಕ್ಷಣಾ ಉಪಕರಣಗಳನ್ನೇ ಇಂದಿಗೂ ನಂಬಿಕೊಂಡಿವೆ. ಅವನ್ನು ಉಳಿಸಿಕೊಳ್ಳುವುದು ಹೇಗೆ, ಎಲ್ಲಿಯವರೆಗೆ ಉಳಿಸಿಕೊಳ್ಳಬೇಕು, ಅದರ ಲೆಕ್ಕವನ್ನು ಹೇಗೆ ಬರೆಯಬೇಕು ಎಂಬುದನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

1. ಪರೀಕ್ಷಣಾ ಉಪಕರಣವೆಂದರೆ ಏನು?

ಸರಳವಾದ ಮಲ್ಟಿಮೀಟರ್, ಆಸಿಲೋಸ್ಕೋಪ್, ಸಿಗ್ನಲ್ ಜನರೇಟರ್, ಪವರ್ ಮೀಟರ್‌ಗಳಿಂದ ಹಿಡಿದು ಗಣಕಯಂತ್ರದ ಆಜ್ಞೆಯಂತೆ ನೂರಾರು ಅಳತೆಗಳನ್ನು ತಾನೇ ನಡೆಸುವ ಸ್ವಯಂಚಾಲಿತ ಪರೀಕ್ಷಣಾ ವ್ಯವಸ್ಥೆಯವರೆಗೆ ಎಲ್ಲವೂ ಈ ಹೆಸರಿನಡಿ ಬರುತ್ತವೆ. ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ. ಮೊದಲನೆಯದು ಕಪಾಟಿನಲ್ಲಿ ಜೋಡಿಸಿದ ಅಳತೆಯ ಉಪಕರಣಗಳು. ಎರಡನೆಯದು ಅವನ್ನು ನಡೆಸುವ ಗಣಕಯಂತ್ರ. ಮೂರನೆಯದು ಪರೀಕ್ಷೆಗೆ ಒಳಪಡುವ ಪೆಟ್ಟಿಗೆಯನ್ನು ಕಪಾಟಿಗೆ ಸೇರಿಸುವ ಜೋಡಣಾ ಚೌಕಟ್ಟು, ಅಂದರೆ ಫಿಕ್ಸ್‌ಚರ್. ನಾಲ್ಕನೆಯದು ಪರೀಕ್ಷಣಾ ಪ್ರೋಗ್ರಾಂ.

ಮೊದಲ ಎರಡನ್ನು ಹಣ ಕೊಟ್ಟು ಮಾರುಕಟ್ಟೆಯಲ್ಲಿ ಕೊಳ್ಳಬಹುದು. ಕೊನೆಯ ಎರಡು ಹಾಗಲ್ಲ. ಒಂದೊಂದು ಬಿಡಿಭಾಗಕ್ಕೂ ಬೇರೆ ಬೇರೆಯಾಗಿ ವಿನ್ಯಾಸಗೊಂಡು, ಖರೀದಿದಾರರ ಮತ್ತು ತಪಾಸಣಾ ಸಂಸ್ಥೆಯ ಒಪ್ಪಿಗೆ ಪಡೆದು, ವರ್ಷಗಳ ಕಾಲ ತಿದ್ದುಪಡಿಗೊಂಡು ಅವು ಸಿದ್ಧವಾಗಿರುತ್ತವೆ. ಹಳೆಯ ಉಪಕರಣದ ನಿಜವಾದ ಬೆಲೆ ಅಡಗಿರುವುದು ಇಲ್ಲಿಯೇ. ಕಪಾಟನ್ನು ಬದಲಿಸುವ ಖರ್ಚನ್ನಷ್ಟೇ ಎಣಿಸಿ, ಪ್ರೋಗ್ರಾಂ ಮರುಬರವಣಿಗೆ ಹಾಗೂ ಮರು ಅನುಮೋದನೆಯ ಖರ್ಚನ್ನು ಮರೆಯುವುದು ಉದ್ದಿಮೆದಾರರು ಮಾಡುವ ಮೊದಲ ತಪ್ಪು.

2. ಇಷ್ಟು ಹಳೆಯ ಉಪಕರಣ ಏಕೆ ಉಳಿಯುತ್ತದೆ?

ಯುದ್ಧವಿಮಾನದ ಆಯುಷ್ಯವನ್ನು ದಶಕಗಳಲ್ಲಿ ಎಣಿಸುತ್ತಾರೆ; ಎಲೆಕ್ಟ್ರಾನಿಕ್ ಬಿಡಿಭಾಗದ ಆಯುಷ್ಯವನ್ನು ವರ್ಷಗಳಲ್ಲಿ ಎಣಿಸುತ್ತಾರೆ. 1963ರಲ್ಲಿ ನಮ್ಮ ವಾಯುಪಡೆಗೆ ಸೇರಿದ ಮಿಗ್-21 ವಿಮಾನಗಳು ಸೇವೆಯಿಂದ ನಿವೃತ್ತವಾದದ್ದು 2025ರ ಸೆಪ್ಟೆಂಬರ್ 26ರಂದು. ಜಾಗ್ವಾರ್ 1979ರಲ್ಲಿ, ಮಿರಾಜ್-2000 1985ರಲ್ಲಿ ಬಂದವು. ಅಮೆರಿಕದ ಬಿ-52 ಬಾಂಬರ್ ಮೊದಲು ಹಾರಿದ್ದು 1952ರಲ್ಲಿ, ಕೊನೆಯದು ತಯಾರಾದದ್ದು 1962ರಲ್ಲಿ. ಅದನ್ನು 2050ರ ದಶಕದವರೆಗೂ ಹಾರಿಸುವ ಯೋಜನೆ ಅಲ್ಲಿನ ವಾಯುಪಡೆಯದು.

ವಿಮಾನ ಹಾರುವವರೆಗೆ ಅದರ ಬಿಡಿಭಾಗಗಳು ಬೇಕು. ಬಿಡಿಭಾಗ ಬೇಕಿರುವವರೆಗೆ ಅದನ್ನು ಪರೀಕ್ಷಿಸುವ ಉಪಕರಣ ಬೇಕು. ಆದರೆ ಆ ಉಪಕರಣದೊಳಗಿನ ಚಿಪ್ಪುಗಳ ತಯಾರಿಕೆ ಎಂದೋ ನಿಂತಿರುತ್ತದೆ. ತಯಾರಿಸಿದ ಸಂಸ್ಥೆಯ ಹೆಸರೇ ಬದಲಾಗಿರುವುದೂ ಉಂಟು. ನಮ್ಮ ಅನೇಕ ಕಾರ್ಖಾನೆಗಳಲ್ಲಿರುವ ಹ್ಯೂಲೆಟ್-ಪ್ಯಾಕರ್ಡ್ ಹೆಸರಿನ ಅಳತೆಯ ಉಪಕರಣಗಳ ವಿಭಾಗ 1999ರಲ್ಲಿ ಅಜಿಲೆಂಟ್ ಆಯಿತು, 2014ರಲ್ಲಿ ಕೀಸೈಟ್ ಆಯಿತು. ಹಳೆಯ ಮಾದರಿಯೊಂದರ ಕೈಪಿಡಿಯನ್ನು ಹುಡುಕುವವರು ಈ ಮೂರೂ ಹೆಸರುಗಳಲ್ಲಿ ಹುಡುಕಬೇಕು.

3. ಅಮೆರಿಕದ ಅನುಭವ ಕಲಿಸುವ ಪಾಠ

ಈ ತೊಂದರೆ ಸಣ್ಣವರಿಗೆ ಮಾತ್ರ ಎಂದು ಭಾವಿಸಬೇಕಾಗಿಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2003ರಲ್ಲಿ ಅಲ್ಲಿನ ರಕ್ಷಣಾ ಇಲಾಖೆಯ ಸ್ವಯಂಚಾಲಿತ ಪರೀಕ್ಷಣಾ ಉಪಕರಣಗಳ ಬಗ್ಗೆ ವರದಿ ನೀಡಿತು. 1980ರಿಂದ 1992ರವರೆಗಿನ ಅವಧಿಯಲ್ಲಿ ಇವುಗಳ ಖರೀದಿ ಮತ್ತು ಬೆಂಬಲಕ್ಕಾಗಿ ಆ ಇಲಾಖೆ 5,000 ಕೋಟಿ ಡಾಲರ್‌ಗೂ ಹೆಚ್ಚು ವೆಚ್ಚ ಮಾಡಿತ್ತು. ಒಂದೊಂದು ಶಸ್ತ್ರ ವ್ಯವಸ್ಥೆಗೂ ಒಂದೊಂದು ಬಗೆಯ ಪ್ರತ್ಯೇಕ ಉಪಕರಣವನ್ನು ಕೊಳ್ಳುತ್ತ ಹೋದದ್ದರಿಂದ, ಅವೆಲ್ಲವೂ ಹೆಚ್ಚುಕಡಿಮೆ ಒಟ್ಟಿಗೆ ಮುಪ್ಪಾಗತೊಡಗಿದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಒದಗುತ್ತಿರಲಿಲ್ಲ.

ಅಲ್ಲಿನ ನೌಕಾಪಡೆ ಹಿಡಿದ ದಾರಿ ಗಮನಾರ್ಹ. 1990ರ ದಶಕದಲ್ಲಿ 'ಕ್ಯಾಸ್' ಎಂಬ ಒಂದೇ ಸಾಮಾನ್ಯ ವ್ಯವಸ್ಥೆಯನ್ನು ತಂದು, 25 ಬಗೆಯ ಹಳೆಯ ಉಪಕರಣಗಳನ್ನು ಅದರಿಂದ ಬದಲಿಸಲು ಹೊರಟಿತು. ವಿಮಾನವಾಹಕ ಹಡಗಿನಲ್ಲಿ ಜಾಗ ಉಳಿಯಿತು, ಬಿಡಿಭಾಗಗಳ ಬಗೆ ತಗ್ಗಿತು, ತರಬೇತಿ ಸುಲಭವಾಯಿತು. ಆದರೆ ಹಳೆಯ ಪ್ರೋಗ್ರಾಂಗಳನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸುವ ಕೆಲಸವೇ ಬಹುಕಾಲ ಹಿಡಿಯಿತು. ಕಾಲಕ್ರಮದಲ್ಲಿ ಆ ಕ್ಯಾಸ್ ಸಹ ಹಳೆಯದಾಗಿ, ಅದರ ಮುಂದಿನ ತಲೆಮಾರಾದ 'ಇ-ಕ್ಯಾಸ್' ಬರಬೇಕಾಯಿತು. ಈ ಬಾರಿ ಹಳೆಯ ಪ್ರೋಗ್ರಾಂಗಳು ಹೊಸದರಲ್ಲಿ ನಡೆಯುವಂತಿರಬೇಕೆಂಬುದಕ್ಕೆ ಹೆಚ್ಚಿನ ಗಮನ ಕೊಡಲಾಯಿತು.

ಇದರಿಂದ ನಾವು ಗ್ರಹಿಸಬೇಕಾದದ್ದು ಮೂರು ಅಂಶ: ಉಪಕರಣಗಳ ಬಗೆ ಕಡಿಮೆಯಾದಷ್ಟೂ ಪಾಲನೆ ಅಗ್ಗ, ಪ್ರೋಗ್ರಾಂ ಉಳಿಸಿಕೊಳ್ಳುವುದು ಯಂತ್ರ ಉಳಿಸಿಕೊಳ್ಳುವುದಕ್ಕಿಂತ ಮುಖ್ಯ, ಹೊಸದು ತಂದ ದಿನವೇ ಅದರ ಮುಪ್ಪಿನ ಯೋಜನೆಯೂ ಆರಂಭವಾಗಬೇಕು.

4. ಉಪಕರಣ ಹೇಗೆ ಮುಪ್ಪಾಗುತ್ತದೆ?

ಲೆಕ್ಕಿಗನಾದ ನಾನು ಎಂಜಿನಿಯರ್ ಅಲ್ಲ. ಆದರೂ ಕಕ್ಷಿದಾರರ ಕಾರ್ಖಾನೆಗಳಲ್ಲಿ ಕಂಡು ಕೇಳಿ ತಿಳಿದ ಕೆಲವು ಅಂಶಗಳನ್ನು ಪ್ರತಿಯೊಬ್ಬ ಮಾಲೀಕರೂ ಅರಿತಿರುವುದು ಅಗತ್ಯ.

(ಅ) ಕೆಪಾಸಿಟರ್: ವಿದ್ಯುತ್ ಸರಬರಾಜು ಘಟಕದಲ್ಲಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳೊಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ. ಉಷ್ಣತೆ ಹೆಚ್ಚಿದಷ್ಟೂ ಬೇಗ ಒಣಗುತ್ತದೆ. ಆದುದರಿಂದ ಗಾಳಿಯ ಜಾಲರಿಯ ಧೂಳು ತೆಗೆಯುವುದು, ಫ್ಯಾನುಗಳನ್ನು ಸಕಾಲದಲ್ಲಿ ಬದಲಿಸುವುದು ಅತ್ಯಂತ ಅಗ್ಗದ ಆಯುಷ್ಯವರ್ಧಕ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಉಪಕರಣಕ್ಕೆ ಒಮ್ಮೆಲೇ ಪೂರ್ಣ ವಿದ್ಯುತ್ ಕೊಡದೆ, ವೇರಿಯಾಕ್ ಮೂಲಕ ನಿಧಾನವಾಗಿ ಏರಿಸುವುದು ಅನುಭವಿಗಳ ಕ್ರಮ.

(ಆ) ಒಳಗಿನ ಬ್ಯಾಟರಿ: 1980 ಮತ್ತು 90ರ ದಶಕದ ಹಲವು ಉಪಕರಣಗಳು ತಮ್ಮ ಮಾಪನಾಂಕ ಸ್ಥಿರಾಂಕಗಳನ್ನು ಸಣ್ಣ ಲಿಥಿಯಂ ಬ್ಯಾಟರಿಯ ಆಧಾರದ ಮೇಲೆ ನಿಂತ ಸ್ಮೃತಿಯಲ್ಲಿ ಇಟ್ಟುಕೊಂಡಿರುತ್ತವೆ. ಬ್ಯಾಟರಿ ಸತ್ತರೆ ಉಪಕರಣ ಕೆಡುವುದಿಲ್ಲ. ಆದರೆ ತನ್ನ ನಿಖರತೆಯನ್ನೇ ಮರೆತುಬಿಡುತ್ತದೆ. ಪೀಠಿಕೆಯಲ್ಲಿ ಹೇಳಿದ ಘಟಕದಲ್ಲಿ ನಡೆದದ್ದೂ ಇದೇ. ದೀರ್ಘ ರಜೆಯ ಅವಧಿಯಲ್ಲಿ ಕಪಾಟನ್ನು ಆರಿಸಿ ಹೋದರು. ಮರಳಿ ಬಂದು ಹಾಕಿದಾಗ ಮುಖ್ಯ ಮೀಟರಿನ ಸ್ಥಿರಾಂಕಗಳು ಅಳಿಸಿಹೋಗಿದ್ದವು. ಕೆಲವು ನೂರು ರೂಪಾಯಿಯ ಬ್ಯಾಟರಿಯನ್ನು ಸಕಾಲದಲ್ಲಿ ಬದಲಿಸದೆ ಐದು ವಾರಗಳ ರವಾನೆ ನಿಂತಿತು, ವಿಳಂಬದ ದಂಡವೂ ತಗುಲಿತು. ಬ್ಯಾಟರಿ ಬದಲಿಸುವಾಗಲೂ ಸ್ಮೃತಿ ಅಳಿಯದಂತೆ ತಯಾರಕರ ಕೈಪಿಡಿಯ ಕ್ರಮವನ್ನೇ ಅನುಸರಿಸಬೇಕು. ಸಾಧ್ಯವಿದ್ದಲ್ಲಿ ಸ್ಥಿರಾಂಕಗಳನ್ನು ಮೊದಲೇ ಓದಿ ಬರೆದಿಟ್ಟುಕೊಳ್ಳಬೇಕು.

(ಇ) ರಿಲೇ, ಕನೆಕ್ಟರ್, ಕೇಬಲ್: ಸವೆಯುವ ಭಾಗಗಳಿವು. ಒಳ್ಳೆಯ ಮಾಲು ಪರೀಕ್ಷೆಯಲ್ಲಿ ವಿನಾಕಾರಣ ಅನುತ್ತೀರ್ಣವಾಗತೊಡಗಿದರೆ ಮೊದಲು ಇವುಗಳನ್ನೇ ಅನುಮಾನಿಸಬೇಕು.

(ಈ) ಗಣಕಯಂತ್ರ: ಉಪಕರಣಗಳನ್ನು ಗಣಕಕ್ಕೆ ಸೇರಿಸುವ ಜಿಪಿಐಬಿ ಪದ್ಧತಿ 1975ರಲ್ಲಿ ಐಇಇಇ 488 ಎಂಬ ಮಾನಕವಾಯಿತು, ಇಂದಿಗೂ ಅದಕ್ಕೆ ಹೊಂದುವ ಕಾರ್ಡುಗಳು ದೊರೆಯುತ್ತವೆ. ತೊಂದರೆ ಇರುವುದು ಹಳೆಯ ಹಾರ್ಡ್ ಡಿಸ್ಕ್, ಫ್ಲಾಪಿ ಹಾಗೂ ಕಾರ್ಯಾಚರಣಾ ತಂತ್ರಾಂಶದಲ್ಲಿ. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮುಗಿಯಿತು. ಇಂತಹ ಗಣಕವನ್ನು ಅಂತರ್ಜಾಲಕ್ಕಾಗಲಿ ಕಚೇರಿಯ ಜಾಲಕ್ಕಾಗಲಿ ಸೇರಿಸದೆ ಪ್ರತ್ಯೇಕವಾಗಿಡಬೇಕು. ಹಾರ್ಡ್ ಡಿಸ್ಕಿನ ಪೂರ್ಣ ಪ್ರತಿಯನ್ನು ತೆಗೆದು, ಇನ್ನೊಂದು ಡಿಸ್ಕಿಗೆ ಅಳವಡಿಸಿ, ಅದರಿಂದ ಯಂತ್ರ ನಡೆಯುವುದೇ ಎಂದು ಪರೀಕ್ಷಿಸಬೇಕು. ಪರೀಕ್ಷಿಸದ ಪ್ರತಿಯನ್ನು ಪ್ರತಿಯೆಂದು ನಂಬಲಾಗದು.

(ಉ) ಮನುಷ್ಯ: ಎಲ್ಲಕ್ಕಿಂತ ಬೇಗ ನಷ್ಟವಾಗುವ ಬಿಡಿಭಾಗ ಇದು. ಕಪಾಟಿನ ಯಾವ ತಂತಿ ಸಡಿಲ, ಯಾವ ಪರೀಕ್ಷೆ ಮೊದಲ ಅರ್ಧ ಗಂಟೆಯಲ್ಲಿ ತಪ್ಪು ತೋರಿಸುತ್ತದೆ ಎಂಬುದು ಒಬ್ಬ ಹಿರಿಯ ತಂತ್ರಜ್ಞರ ತಲೆಯಲ್ಲಿ ಮಾತ್ರ ಇರುತ್ತದೆ. ಮೇಲೆ ಹೇಳಿದ ಘಟಕವನ್ನು ಕೊನೆಗೆ ಉಳಿಸಿದವರು ನಿವೃತ್ತರಾಗಿ ಮೂರು ವರ್ಷವಾಗಿದ್ದ ಅವರ ಹಳೆಯ ನೌಕರರೇ. ಅವರ ಬಳಿ ಮೂವತ್ತು ವರ್ಷಗಳ ಟಿಪ್ಪಣಿ ಪುಸ್ತಕವಿತ್ತು. ಅದು ಕಾರ್ಖಾನೆಯಲ್ಲಿರದೆ ಅವರ ಮನೆಯ ಅಟ್ಟದಲ್ಲಿತ್ತು ಎಂಬುದನ್ನು ಓದುಗರು ಗಮನಿಸಬೇಕು.

5. ಮಾಪನಾಂಕ ನಿರ್ಣಯ: ಪ್ರಮಾಣಪತ್ರ ಚೌಕಟ್ಟು ಹಾಕಿಸಿ ತೂಗುಹಾಕಲು ಅಲ್ಲ

ಪರೀಕ್ಷಣಾ ಉಪಕರಣ ಹೇಳುವ ಮಾತು ನಿಜವೆಂಬುದಕ್ಕೆ ಸಾಕ್ಷಿ ಮಾಪನಾಂಕ ನಿರ್ಣಯ, ಅಂದರೆ ಕ್ಯಾಲಿಬ್ರೇಷನ್. ನಮ್ಮ ಅಳತೆ ಐಎಸ್‌ಒ/ಐಇಸಿ 17025 ಮಾನಕದಂತೆ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದ ಅಳತೆಗೆ, ಅದು ಇನ್ನೂ ಮೇಲಿನ ಮಾನಕಗಳ ಮೂಲಕ ರಾಷ್ಟ್ರದ ಮಾನಕಗಳಿಗೆ ಸರಪಳಿಯಂತೆ ಕೊಂಡಿ ಹೊಂದಿರಬೇಕು. ರಾಷ್ಟ್ರೀಯ ಮಾನಕಗಳನ್ನು ಕಾಯುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ನಮ್ಮಲ್ಲಿ ಪೀಣ್ಯದ ಇಟಿಡಿಸಿ, ತುಮಕೂರು ರಸ್ತೆಯ ಸಿಎಂಟಿಐ ಮುಂತಾದ ಸಂಸ್ಥೆಗಳಿರುವುದು ಬೆಂಗಳೂರಿನ ಉದ್ದಿಮೆದಾರರ ಭಾಗ್ಯ.

ಬಹುತೇಕ ಸದಸ್ಯರು ಪ್ರಮಾಣಪತ್ರದ ದಿನಾಂಕವನ್ನು ಮಾತ್ರ ನೋಡಿ ಕಡತಕ್ಕೆ ಸೇರಿಸುತ್ತಾರೆ. ನೋಡಬೇಕಾದದ್ದು ಒಳಗಿನ ಅಂಕಿಗಳನ್ನು. ಸರಿಪಡಿಸುವ ಮೊದಲು ಉಪಕರಣ ಹೇಗಿತ್ತು ಎಂಬ ಅಂಕಿಯನ್ನು ಪ್ರಯೋಗಾಲಯದಿಂದ ಕೇಳಿ ಪಡೆಯಬೇಕು. ಐದು ವರ್ಷಗಳ ಆ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದರೆ ಉಪಕರಣ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಜಾರುತ್ತಿದೆಯೆಂದು ಕಾಣುತ್ತದೆ. ನಿಧಾನವಾಗಿ ಒಂದೇ ದಿಕ್ಕಿಗೆ ಜಾರುವ ಉಪಕರಣ ಇನ್ನೂ ಬಾಳುತ್ತದೆ. ಒಮ್ಮೆ ಮೇಲೆ ಒಮ್ಮೆ ಕೆಳಗೆ ನೆಗೆಯುವ ಉಪಕರಣದ ಕಾಲ ಮುಗಿದಿದೆ ಎಂದು ತಿಳಿಯಬೇಕು.

ಎರಡನೆಯ ಅಂಶ, ನಿಖರತೆಯ ಅನುಪಾತ. ಅಳೆಯುವ ಉಪಕರಣ ಅಳೆಯಬೇಕಾದ ಮಿತಿಗಿಂತ ನಾಲ್ಕು ಪಟ್ಟು ನಿಖರವಾಗಿರಬೇಕು ಎಂಬುದು ಈ ಕ್ಷೇತ್ರದ ಹಳೆಯ ರೂಢಿ. ಹಳೆಯ ಉಪಕರಣ ಅಷ್ಟು ನಿಖರತೆಯನ್ನು ಕಳೆದುಕೊಂಡಿದ್ದಲ್ಲಿ, ಖರೀದಿದಾರರ ಒಪ್ಪಿಗೆ ಪಡೆದು ಉತ್ತೀರ್ಣತೆಯ ಮಿತಿಯನ್ನು ಒಳಕ್ಕೆ ಬಿಗಿಗೊಳಿಸುವ ಕ್ರಮವುಂಟು. ಇದರಿಂದ ಕೆಲವು ಒಳ್ಳೆಯ ಮಾಲು ತಿರಸ್ಕೃತವಾಗಬಹುದು. ಆದರೆ ಕೆಟ್ಟ ಮಾಲು ಹೊರಹೋಗುವುದಿಲ್ಲ.

ಮೂರನೆಯದೇ ಅತ್ಯಂತ ಗಂಭೀರ. ಉಪಕರಣ ಮಿತಿ ಮೀರಿತ್ತೆಂದು ಈ ವರ್ಷದ ಮಾಪನಾಂಕದಲ್ಲಿ ತಿಳಿದರೆ, ಹಿಂದಿನ ಮಾಪನಾಂಕದ ದಿನದಿಂದ ಇಂದಿನವರೆಗೆ ಅದರಲ್ಲಿ ಪರೀಕ್ಷಿಸಿ ಕಳುಹಿಸಿದ ಪ್ರತಿಯೊಂದು ಮಾಲೂ ಪ್ರಶ್ನಾರ್ಹವಾಗುತ್ತದೆ. ಖರೀದಿದಾರರಿಗೆ ಲಿಖಿತವಾಗಿ ತಿಳಿಸಿ, ತಪ್ಪಿನ ಪರಿಣಾಮವನ್ನು ಪರಿಶೀಲಿಸಿ, ಅಗತ್ಯವಿದ್ದರೆ ಮಾಲನ್ನು ಹಿಂದಕ್ಕೆ ಕರೆಸಬೇಕಾಗುತ್ತದೆ. ಹನ್ನೆರಡು ತಿಂಗಳ ಅಂತರವಿದ್ದರೆ ಹನ್ನೆರಡು ತಿಂಗಳ ಮಾರಾಟ ಅಪಾಯದಲ್ಲಿ; ಆರು ತಿಂಗಳಿದ್ದರೆ ಆರು ತಿಂಗಳ ಮಾರಾಟ ಮಾತ್ರ. ಮುಪ್ಪಾದ ಉಪಕರಣಕ್ಕೆ ಮಾಪನಾಂಕದ ಅಂತರ ಕಿರಿದುಗೊಳಿಸುವ ಖರ್ಚನ್ನು ವಿಮೆಯ ಕಂತೆಂದು ಭಾವಿಸುವುದು ಲೇಸು. ಜೊತೆಗೆ, ಗುಣಮಟ್ಟ ಗೊತ್ತಿರುವ ಒಂದು ಮಾಲನ್ನು ಮಾದರಿಯಾಗಿ ಇಟ್ಟುಕೊಂಡು ಪ್ರತಿ ಸೋಮವಾರ ಬೆಳಿಗ್ಗೆ ಅದನ್ನೇ ಪರೀಕ್ಷಿಸಿ ಫಲಿತಾಂಶ ಬರೆದಿಟ್ಟರೆ, ತಪ್ಪು ವರ್ಷದ ನಂತರವಲ್ಲ, ವಾರದೊಳಗೇ ತಿಳಿಯುತ್ತದೆ. ಈ ಕ್ರಮಕ್ಕೆ ಖರ್ಚು ಇಲ್ಲವೆಂದೇ ಹೇಳಬಹುದು.

ಇಂತಹ ಸಂದರ್ಭದಲ್ಲಿ ಸುಮ್ಮನಿದ್ದುಬಿಡುವ ಆಸೆ ಯಾರಿಗಾದರೂ ಬರಬಹುದು. ಆ ಮಾಲಿನ ಕೊನೆಯಲ್ಲಿ ಒಬ್ಬ ವೈಮಾನಿಕನ ಪ್ರಾಣವಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ರಕ್ಷಣಾ ಪೂರೈಕೆಗೆ ಒಪ್ಪುವಷ್ಟು ಬೇರೆ ಯಾವ ವ್ಯಾಪಾರಕ್ಕೂ ಒಪ್ಪುವುದಿಲ್ಲ.

6. ಬಿಡಿಭಾಗಗಳ ಸಂಗ್ರಹ

ತಯಾರಿಕೆ ನಿಲ್ಲಿಸುವ ಮುನ್ನ ಪ್ರತಿಷ್ಠಿತ ತಯಾರಕರು ಕೊನೆಯ ಖರೀದಿಗೆ ದಿನಾಂಕ ಪ್ರಕಟಿಸುತ್ತಾರೆ. ಅದನ್ನು ಗಮನಿಸಿ, ಉಳಿದ ವರ್ಷಗಳಿಗೆ ಬೇಕಾಗುವಷ್ಟನ್ನು ಒಮ್ಮೆಲೇ ಕೊಳ್ಳುವುದು ಮೊದಲ ದಾರಿ. ಅದೇ ಮಾದರಿಯ ಇನ್ನೊಂದು ಹಳೆಯ ಉಪಕರಣವನ್ನು ಹರಾಜಿನಲ್ಲಿ ಕೊಂಡು ಅದರ ಭಾಗಗಳನ್ನು ಬಳಸುವುದು ಎರಡನೆಯದು. ಮಾರುಕಟ್ಟೆಯಲ್ಲಿ ಬಿಡಿಯಾಗಿ ಹುಡುಕುವುದು ಮೂರನೆಯದು. ನಮ್ಮ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ದೊರೆಯದ ವಸ್ತುವಿಲ್ಲವೆಂಬುದು ಪ್ರತೀತಿ.

ಆದರೆ ಇಲ್ಲಿ ಎಚ್ಚರ ಅಗತ್ಯ. ಅಮೆರಿಕ ಸೆನೆಟ್ಟಿನ ಸಶಸ್ತ್ರ ಸೇವಾ ಸಮಿತಿ 2012ರಲ್ಲಿ ಪ್ರಕಟಿಸಿದ ತನಿಖಾ ವರದಿ, ರಕ್ಷಣಾ ಪೂರೈಕೆಯಲ್ಲಿ ಸುಮಾರು 1,800 ನಕಲಿ ಶಂಕೆಯ ಪ್ರಕರಣಗಳನ್ನು, ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಬಿಡಿಭಾಗಗಳನ್ನು ಗುರುತಿಸಿತು. ತ್ಯಾಜ್ಯ ಬೋರ್ಡುಗಳಿಂದ ಕಿತ್ತ ಚಿಪ್ಪಿನ ಮೇಲ್ಮೈಯನ್ನು ಉಜ್ಜಿ, ಹೊಸ ಮುದ್ರೆ ಹಾಕಿ ಮಾರುವುದು ನಕಲಿಯ ಸಾಮಾನ್ಯ ವಿಧಾನ. ಉಪಕರಣದೊಳಗೆ ಹಾಕುವ ಚಿಪ್ಪಿಗೂ ಮೂಲದ ದಾಖಲೆ ಕೇಳಬೇಕು. ಖರೀದಿದಾರರಿಗೆ ಕೊಡುವ ಮಾಲಿನಲ್ಲಂತೂ ದಾಖಲೆಯಿಲ್ಲದ ಭಾಗ ಸೇರಲೇಬಾರದು.

7. ಮೂರು ದಾರಿ, ಒಂದು ಲೆಕ್ಕ

ಹಳೆಯ ವ್ಯವಸ್ಥೆಯ ಮುಂದೆ ಮಾಲೀಕರಿಗೆ ಮೂರು ದಾರಿಗಳಿವೆ. ಕೇವಲ ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಊಹಿಸಿ ನೋಡೋಣ. ಉಪಕರಣ ಒಂದು ದಿನ ನಿಂತರೆ ಕೈತಪ್ಪುವ ಆದಾಯ, ಅಂದರೆ ಮಾರಾಟದಿಂದ ಕಚ್ಚಾಸಾಮಗ್ರಿ ಮೊದಲಾದ ಬದಲಾಗುವ ವೆಚ್ಚ ಕಳೆದದ್ದು, 40,000 ರೂ. ಎಂದಿಟ್ಟುಕೊಳ್ಳೋಣ.

ಮೊದಲ ದಾರಿ – ಇದ್ದಂತೆಯೇ ನಡೆಸುವುದು: ವಾರ್ಷಿಕ ನಿರ್ವಹಣೆ 4 ಲಕ್ಷ ರೂ. ವರ್ಷಕ್ಕೆ 30 ದಿನ ಸ್ಥಗಿತ, ನಷ್ಟ 12 ಲಕ್ಷ. ಒಟ್ಟು ವರ್ಷಕ್ಕೆ 16 ಲಕ್ಷ ರೂ.

ಎರಡನೆಯ ದಾರಿ – ಪ್ರೋಗ್ರಾಂ ಮತ್ತು ಚೌಕಟ್ಟುಗಳನ್ನು ಉಳಿಸಿಕೊಂಡು, ಕಪಾಟಿನ ಸವೆದ ಉಪಕರಣಗಳ ಜಾಗದಲ್ಲಿ ಅದೇ ಆಜ್ಞೆಗಳಿಗೆ ಉತ್ತರಿಸುವ ಹೊಸ ಉಪಕರಣಗಳನ್ನು ಕೂರಿಸುವುದು: ಆರಂಭದಲ್ಲಿ 30 ಲಕ್ಷ ರೂ.; ವಾರ್ಷಿಕ ನಿರ್ವಹಣೆ 5 ಲಕ್ಷ; 6 ದಿನ ಸ್ಥಗಿತದ ನಷ್ಟ 2.4 ಲಕ್ಷ. ವರ್ಷಕ್ಕೆ 7.4 ಲಕ್ಷ ರೂ. ಆರು ವರ್ಷಕ್ಕೊಮ್ಮೆ 30 ಲಕ್ಷದ ಇಂತಹುದೇ ನವೀಕರಣ ಬೇಕು.

ಮೂರನೆಯ ದಾರಿ – ಎಲ್ಲವೂ ಹೊಸದು: ಉಪಕರಣಕ್ಕೆ 75 ಲಕ್ಷ, ಪ್ರೋಗ್ರಾಂ ಮರುಬರವಣಿಗೆ ಮತ್ತು ಅನುಮೋದನೆಗೆ 35 ಲಕ್ಷ, ಒಟ್ಟು 110 ಲಕ್ಷ ರೂ.; ವಾರ್ಷಿಕ ನಿರ್ವಹಣೆ 3 ಲಕ್ಷ; 2 ದಿನ ಸ್ಥಗಿತದ ನಷ್ಟ 0.8 ಲಕ್ಷ. ವರ್ಷಕ್ಕೆ 3.8 ಲಕ್ಷ ರೂ.

ಬಡ್ಡಿ ಮತ್ತು ತೆರಿಗೆಯನ್ನು ಬದಿಗಿಟ್ಟು ಕೂಡಿದರೆ:

ಆರು ವರ್ಷಕ್ಕೆ: ಮೊದಲ ದಾರಿ 96 ಲಕ್ಷ, ಎರಡನೆಯದು 74.4 ಲಕ್ಷ, ಮೂರನೆಯದು 132.8 ಲಕ್ಷ ರೂ.
ಹನ್ನೆರಡು ವರ್ಷಕ್ಕೆ: ಮೊದಲ ದಾರಿ 192 ಲಕ್ಷ, ಎರಡನೆಯದು 148.8 ಲಕ್ಷ, ಮೂರನೆಯದು 155.6 ಲಕ್ಷ ರೂ.
ಹದಿನೈದು ವರ್ಷಕ್ಕೆ: ಮೊದಲ ದಾರಿ 240 ಲಕ್ಷ, ಎರಡನೆಯದು 201 ಲಕ್ಷ, ಮೂರನೆಯದು 167 ಲಕ್ಷ ರೂ.

ಈ ಅಂಕಿಗಳು ಎರಡು ಸಂಗತಿಗಳನ್ನು ತಿಳಿಸುತ್ತವೆ. ಏನನ್ನೂ ಖರ್ಚು ಮಾಡದಂತೆ ಕಾಣುವ ಮೊದಲ ದಾರಿ ಈ ಮೂರು ಅವಧಿಗಳಲ್ಲಿ ಒಂದರಲ್ಲೂ ಅಗ್ಗವಲ್ಲ. ಅದರ ಖರ್ಚು ಬಿಲ್ಲಿನ ರೂಪದಲ್ಲಿ ಬಾರದೆ ಸ್ಥಗಿತದ ರೂಪದಲ್ಲಿ ಬರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಇನ್ನು, ಎರಡನೆಯ ಮತ್ತು ಮೂರನೆಯ ದಾರಿಗಳ ನಡುವಿನ ಆಯ್ಕೆಯನ್ನು ನಿರ್ಧರಿಸುವುದು ಉಪಕರಣದ ವಯಸ್ಸಲ್ಲ, ಆ ಮಾಲಿಗೆ ಇನ್ನೆಷ್ಟು ವರ್ಷ ಬೇಡಿಕೆ ಇದೆ ಎಂಬುದು. ವಿಮಾನವೇ ಆರು ವರ್ಷಗಳಲ್ಲಿ ನಿವೃತ್ತವಾಗುವುದಾದರೆ ಕೋಟಿ ರೂಪಾಯಿ ಹೂಡುವುದು ಅವಿವೇಕ. ಹದಿನೈದು ವರ್ಷ ಹಾರುವುದಾದರೆ ತೇಪೆ ಹಾಕುತ್ತ ಕೂರುವುದು ಅವಿವೇಕ. ಆದುದರಿಂದ ಯಾವ ದರಪಟ್ಟಿ ತರಿಸುವುದಕ್ಕೂ ಮುನ್ನ ಖರೀದಿದಾರರಿಗೆ ಪತ್ರ ಬರೆದು ಮುಂದಿನ ವರ್ಷಗಳ ಅಂದಾಜು ಬೇಡಿಕೆಯನ್ನು ಕೇಳತಕ್ಕದ್ದು. ಬಡ್ಡಿಯನ್ನು ಲೆಕ್ಕಕ್ಕೆ ಹಿಡಿದರೆ ಮೊದಲೇ ದೊಡ್ಡ ಮೊತ್ತ ಹೂಡುವ ಮೂರನೆಯ ದಾರಿ ಲಾಭಕ್ಕೆ ಬರಲು ಇನ್ನೂ ಸ್ವಲ್ಪ ಹೆಚ್ಚು ವರ್ಷ ಬೇಕಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ಅಪರೂಪಕ್ಕೆ ಬೇಕಾಗುವ ಪರೀಕ್ಷೆಗಾದರೆ ಸ್ವಂತ ಉಪಕರಣವೇ ಬೇಕೆಂದಿಲ್ಲ. ಹಂಚಿಕೊಂಡು ಬಳಸುವ ಪ್ರಯೋಗಾಲಯಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ 400 ಕೋಟಿ ರೂ. ಮೊತ್ತದ ರಕ್ಷಣಾ ಪರೀಕ್ಷಣಾ ಮೂಲಸೌಕರ್ಯ ಯೋಜನೆಯನ್ನು ಪ್ರಕಟಿಸಿತು. ಯೋಜನಾ ವೆಚ್ಚದ ಶೇ. 75ರವರೆಗೆ ಸರ್ಕಾರದ ಅನುದಾನ, ಉಳಿದದ್ದು ಉದ್ಯಮಗಳ ಕೂಟದ್ದು ಎಂಬುದು ಅದರ ಸ್ವರೂಪ. ಒಂದೇ ಬಗೆಯ ಮಾಲು ತಯಾರಿಸುವ ಸದಸ್ಯರು ಕೂಡಿ ಯೋಚಿಸಲು ಇದೊಂದು ಮಾದರಿ.

8. ಲೆಕ್ಕಪತ್ರದ ಕೆಲವು ಅಂಶಗಳು

ಸವಕಳಿ: 2013ರ ಕಂಪನಿಗಳ ಕಾಯಿದೆಯ ಎರಡನೆಯ ಅನುಸೂಚಿಯು ಸಾಮಾನ್ಯ ಯಂತ್ರೋಪಕರಣಕ್ಕೆ 15 ವರ್ಷ, ಸಾಮಾನ್ಯ ಪ್ರಯೋಗಾಲಯ ಉಪಕರಣಕ್ಕೆ 10 ವರ್ಷ, ಗಣಕಯಂತ್ರಕ್ಕೆ 3 ವರ್ಷಗಳ ಉಪಯುಕ್ತ ಆಯುಷ್ಯವನ್ನು ಸೂಚಿಸಿದೆ, ಉಳಿಕೆ ಮೌಲ್ಯ ಸಾಧಾರಣವಾಗಿ ಮೂಲಬೆಲೆಯ ಶೇ. 5ನ್ನು ಮೀರುವಂತಿಲ್ಲ. ತಾಂತ್ರಿಕ ಸಲಹೆಯ ಆಧಾರವಿದ್ದರೆ, ಟಿಪ್ಪಣಿಯಲ್ಲಿ ಕಾರಣ ತಿಳಿಸಿ, ಬೇರೆ ಆಯುಷ್ಯವನ್ನು ಅನುಸರಿಸಲು ಅವಕಾಶವಿದೆ. ಕಪಾಟು, ಗಣಕ, ಫಿಕ್ಸ್‌ಚರ್ ಇವುಗಳ ಆಯುಷ್ಯ ಬೇರೆ ಬೇರೆಯಾದುದರಿಂದ ವಹಿಯಲ್ಲಿ ಬೇರೆ ಬೇರೆಯಾಗಿ ಬರೆಯುವುದು ಸರಿಯಾದ ಕ್ರಮ.

ದುರಸ್ತಿಯೋ ಬಂಡವಾಳವೋ: ಇರುವ ಆಸ್ತಿಯನ್ನು ಇರುವಂತೆ ಕಾಪಾಡುವ ವೆಚ್ಚ ದುರಸ್ತಿ, ಹೊಸ ಆಸ್ತಿಯನ್ನು ತರುವ ವೆಚ್ಚ ಬಂಡವಾಳ. ಜವಳಿ ಗಿರಣಿಯ ಒಂದೊಂದು ಯಂತ್ರವೂ ಸ್ವತಂತ್ರ ಯಂತ್ರವಾದ್ದರಿಂದ ಅದನ್ನು ಪೂರ್ಣವಾಗಿ ಬದಲಿಸುವುದು ಚಾಲ್ತಿ ದುರಸ್ತಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಇದೇ ತರ್ಕದಂತೆ ಮೀಟರಿನೊಳಗಿನ ಬೋರ್ಡನ್ನು ಬದಲಿಸುವುದು ದುರಸ್ತಿಯಾದರೂ, ಮೀಟರನ್ನೇ ಬದಲಿಸುವುದು ಬಂಡವಾಳ ವೆಚ್ಚವೆಂದು ತೆರಿಗೆ ಅಧಿಕಾರಿಗಳು ವಾದಿಸುವ ಸಂಭವವಿದೆ. ಬಿಲ್ಲುಗಳಲ್ಲಿ ಕೆಲಸದ ವಿವರ ಸ್ಪಷ್ಟವಾಗಿರಲಿ.

ಬಿಡಿಭಾಗಗಳ ದಾಸ್ತಾನು: ಪರಿಷ್ಕೃತ ಲೆಕ್ಕ ಮಾನಕ 10ರಂತೆ, ಒಂದು ಲೆಕ್ಕ ಅವಧಿಗಿಂತ ಹೆಚ್ಚು ಕಾಲ ಉಪಯೋಗಕ್ಕಾಗಿ ಇಟ್ಟುಕೊಂಡು ಸ್ಥಿರಾಸ್ತಿಯ ವ್ಯಾಖ್ಯೆಗೆ ಒಳಪಡುವ ಬಿಡಿಭಾಗಗಳನ್ನು ಸ್ಥಿರಾಸ್ತಿಯಾಗಿ, ಉಳಿದವನ್ನು ದಾಸ್ತಾನಾಗಿ ತೋರಿಸಬೇಕು. ಉಪಕರಣ ವಿಲೇವಾರಿಯಾದ ದಿನ ಅದರ ಬಿಡಿಭಾಗಗಳ ಬೆಲೆಯೂ ಬಹುಮಟ್ಟಿಗೆ ಸೊನ್ನೆಯಾಗುತ್ತದೆ ಎಂಬುದನ್ನು ಮರೆಯಬಾರದು.

ಮುಂದಿನ ವೆಚ್ಚಕ್ಕೆ ನಿಧಿ: ಭವಿಷ್ಯದ ದುರಸ್ತಿಗೆಂದು ಲಾಭ-ನಷ್ಟ ಖಾತೆಯಲ್ಲಿ ಇಂದೇ ವೆಚ್ಚ ತೋರಿಸಲು ಲೆಕ್ಕ ಮಾನಕ 29 ಒಪ್ಪುವುದಿಲ್ಲ. ಆದರೆ ತೆರಿಗೆಯ ನಂತರದ ಲಾಭದಲ್ಲಿ ಒಂದು ಪಾಲನ್ನು ಮೀಸಲಾಗಿರಿಸಿ, ಅದಕ್ಕೆ ಸರಿಯಾಗಿ ಬ್ಯಾಂಕಿನಲ್ಲಿ ಠೇವಣಿ ಇಡಲು ಯಾರ ಅಡ್ಡಿಯೂ ಇಲ್ಲ.

ವಿಮೆ: ಪೀಠಿಕೆಯ ಘಟಕದಲ್ಲಿ ಕಪಾಟಿಗೆ ಪುಸ್ತಕ ಮೌಲ್ಯದಷ್ಟೇ ವಿಮೆ ಇತ್ತು. ಇದು ವ್ಯಾಪಕವಾದ ತಪ್ಪು. ಎಲೆಕ್ಟ್ರಾನಿಕ್ ಉಪಕರಣಗಳ ವಿಮೆಯಲ್ಲಿ ವಿಮಾ ಮೊತ್ತ ಅದೇ ಬಗೆಯ ಹೊಸ ಉಪಕರಣದ ಬೆಲೆಗೆ ಸಮನಾಗಿರಬೇಕು. 50 ಲಕ್ಷ ಬೆಲೆಯ ವಸ್ತುವಿಗೆ 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 5 ಲಕ್ಷದ ಹಾನಿಗೆ ದೊರೆಯುವುದು ಐದನೆಯ ಒಂದು ಪಾಲು, ಅಂದರೆ 1 ಲಕ್ಷ ಮಾತ್ರ.

ಖರೀದಿದಾರರ ಉಪಕರಣ: ದೊಡ್ಡ ಸಂಸ್ಥೆಗಳು ತಮ್ಮ ಉಪಕರಣ ಅಥವಾ ಫಿಕ್ಸ್‌ಚರ್‌ಗಳನ್ನು ಪೂರೈಕೆದಾರರಲ್ಲಿ ಇರಿಸುವುದುಂಟು. ಇವು ನಮ್ಮ ಆಸ್ತಿಯಲ್ಲ. ಪ್ರತ್ಯೇಕ ವಹಿ, ಪ್ರತ್ಯೇಕ ಗುರುತು, ವಿಮೆ ಯಾರದು ಎಂಬ ಲಿಖಿತ ಒಪ್ಪಂದ ಇರಲೇಬೇಕು.

9. ಸದಸ್ಯರಿಗೆ ಕಾರ್ಯಸೂಚಿ

1. ಪ್ರತಿ ಪರೀಕ್ಷಣಾ ಉಪಕರಣದ ಹೆಸರು, ಮಾದರಿ, ವಯಸ್ಸು, ಅದನ್ನು ಅವಲಂಬಿಸಿದ ಮಾರಾಟದ ಮೊತ್ತ, ಬದಲಿ ಇದೆಯೇ ಇಲ್ಲವೇ ಎಂಬ ಒಂದು ಪುಟದ ಪಟ್ಟಿಯನ್ನು ತಯಾರಿಸಿರಿ.
2. ಗಣಕದ ಡಿಸ್ಕಿನ ಎರಡು ಪ್ರತಿಗಳನ್ನು ಮಾಡಿ, ಒಂದನ್ನು ಕಾರ್ಖಾನೆಯ ಹೊರಗೆ ಇಡಿರಿ. ರಕ್ಷಣಾ ಮಾಹಿತಿಯಾಗಿದ್ದಲ್ಲಿ ಖರೀದಿದಾರರ ಗೋಪ್ಯತಾ ನಿಯಮದಂತೆ ಮಾತ್ರ ನಡೆಯಿರಿ.
3. ಒಳಗಿನ ಬ್ಯಾಟರಿಗಳ ಬದಲಾವಣೆಯ ದಿನಾಂಕವನ್ನು ಉಪಕರಣದ ಮೇಲೆಯೇ ಚೀಟಿ ಅಂಟಿಸಿ ಬರೆಯಿರಿ.
4. ಐದು ವರ್ಷಗಳ ಮಾಪನಾಂಕ ಅಂಕಿಗಳನ್ನು ಒಂದೆಡೆ ಬರೆದು ನೋಡಿರಿ.
5. ಹಿರಿಯ ತಂತ್ರಜ್ಞರ ಜೊತೆ ಒಬ್ಬ ಕಿರಿಯರನ್ನು ಕೂರಿಸಿ, ಹಿರಿಯರ ಅರಿವನ್ನು ಬರಹಕ್ಕೆ ಇಳಿಸಿರಿ. ಆ ಪುಸ್ತಕ ಕಾರ್ಖಾನೆಯ ಆಸ್ತಿಯಾಗಲಿ. ಬರೆಸಿದವರಿಗೆ ಗೌರವಧನ ದೊರೆಯಲಿ.
6. ಮುಂದಿನ ಬೇಡಿಕೆಯ ಬಗ್ಗೆ ಖರೀದಿದಾರರಿಗೆ ಪತ್ರ ಬರೆಯಿರಿ.
7. ವಿಮಾ ಮೊತ್ತವನ್ನು ಈ ವರ್ಷವೇ ಪರಿಷ್ಕರಿಸಿರಿ.

ಉಪಸಂಹಾರ

ಪೀಠಿಕೆಯಲ್ಲಿ ಹೇಳಿದ ಘಟಕ ಎರಡನೆಯ ದಾರಿಯನ್ನು ಹಿಡಿಯಿತು. ಸವೆದ ಉಪಕರಣಗಳು ಬದಲಾದವು, ಹಳೆಯ ಪ್ರೋಗ್ರಾಂ ಹೊಸ ಗಣಕದಲ್ಲಿ ನಡೆಯತೊಡಗಿತು, ನಿವೃತ್ತ ನೌಕರರು ವಾರಕ್ಕೆ ಎರಡು ದಿನ ಸಲಹೆಗಾರರಾಗಿ ಬರತೊಡಗಿದರು. ಮುಂದಿನ ವರ್ಷ ನಾನು ವಹಿ ಹಿಡಿದು ಹೋದಾಗ "ವಿಲೇವಾರಿ ಪರಿಶೀಲಿಸಿ" ಎಂಬ ಪೆನ್ಸಿಲ್ ಬರಹವನ್ನು ಅಳಿಸಿ, ಆ ಜಾಗದಲ್ಲಿ ಬ್ಯಾಟರಿ ಬದಲಿಸಬೇಕಾದ ದಿನಾಂಕವನ್ನು ಶಾಯಿಯಲ್ಲಿ ಬರೆದಿದ್ದರು.

ಸವಕಳಿ ಎಂಬುದು ಮೂಲಬೆಲೆಯನ್ನು ವರ್ಷಗಳ ಮೇಲೆ ಹಂಚುವ ಲೆಕ್ಕದ ವಿಧಾನವೇ ಹೊರತು ಯಂತ್ರದ ಯೋಗ್ಯತೆಯ ತೀರ್ಪಲ್ಲ. ವಹಿಯಲ್ಲಿ ಸೊನ್ನೆಯ ಹತ್ತಿರ ಬಂದ ಪ್ರತಿಯೊಂದು ಆಸ್ತಿಯ ಎದುರೂ ನಿಂತು, ಇದು ನಾಳೆ ಬೆಳಿಗ್ಗೆ ನಿಂತರೆ ನಮಗೆ ಏನಾಗುತ್ತದೆ ಎಂಬ ಒಂದು ಪ್ರಶ್ನೆಯನ್ನು ಸದಸ್ಯರು ಈ ವರ್ಷಾಂತ್ಯದ ದಾಸ್ತಾನು ಎಣಿಕೆಯ ಸಂದರ್ಭದಲ್ಲಿ ಕೇಳಿಕೊಳ್ಳಲೆಂದು ಆಶಿಸುತ್ತೇನೆ. ತಮ್ಮ ತಮ್ಮ ಘಟಕದ ವಿಶೇಷ ಪರಿಸ್ಥಿತಿಗೆ ಅನುಗುಣವಾಗಿ ತಾಂತ್ರಿಕ ತಜ್ಞರನ್ನೂ ಲೆಕ್ಕಪರಿಶೋಧಕರನ್ನೂ ಒಟ್ಟಿಗೆ ಕೂರಿಸಿಕೊಂಡು ನಿರ್ಣಯ ಕೈಗೊಳ್ಳುವುದು ಉಚಿತ.